ಓಣಿಯಲ್ಲಿ ಮಶೇರಿಯ ಘಾಟು

ಯಾರು ಏನೇ ಕೇಳಲಿ, "ನನಗ ಗೊತ್ತಿಲ್ರಿ" ಅನ್ನಬೇಕು. ನನಗೆ ಹತ್ತು ವರ್ಷವಿದ್ದಾಗ ಅವ್ವ ಗಲ್ಲ ಹಿಡಿದು ಕಲಿಸಿದ ಪಾಠ ಇದು. ಎಂಬತ್ತರ ದಶಕ. ತಂಬಾಕಿನ ದರಕ್ಕಾಗಿ ನಿಪ್ಪಾಣಿಯ ಸುತ್ತಿನ ರೈತರು ರಸ್ತೆ ತಡೆದು ಕೂತಿದ್ದರು. ಊರಲ್ಲಿ ನಾಲ್ಕು ಜನ ಕೂಡಿ ನಿಲ್ಲಬಾರದೆಂದು ಹುಕುಂ ಹೊರಟಿತ್ತು. ರಸ್ತೆಯಲ್ಲಿ ಕೂತವರನ್ನು ಪೊಲೀಸರು ಮನೆಮನೆ ಹೊಕ್ಕು ಹುಡುಕಿ ಎಳೆದೊಯ್ಯುತ್ತಿದ್ದರು. ಹೋದವರು ನೆಟ್ಟಗೆ ನಡೆದುಕೊಂಡು ಮರಳುತ್ತಿರಲಿಲ್ಲ. ಹಾಗೆ ಕೂತವರಲ್ಲಿ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ ಅಪ್ಪನ ತಮ್ಮ, ನನ್ನ ಕಾಕಾನೂ ಒಬ್ಬ. ಅವನು ನಮ್ಮ ಅಟ್ಟದ ಮೇಲಿದ್ದ.

ಓಣಿಯಲ್ಲಿ ಯಾರನ್ನೂ ನಂಬುವಂತಿರಲಿಲ್ಲ. ಹಾಲಿನವನು ಬಾಗಿಲಲ್ಲಿ ತುಸು ಹೆಚ್ಚು ಹೊತ್ತು ನಿಂತರೂ ಅವ್ವನ ಮುಖ ಕಪ್ಪಿಡುತ್ತಿತ್ತು. ಶಾಲೆಯಲ್ಲಿ ಮಾಸ್ತರು "ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?" ಅಂದದ್ದಕ್ಕೂ ನಾನು "ನನಗ ಗೊತ್ತಿಲ್ರಿ" ಅಂದೆ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು.

ಕಾಕಾ ಹಸಿವೆ ತಡೆದಾನು, ಮಶೇರಿ ಬಿಡಲಾರ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಹಲ್ಲಿಗೆ ತಿಕ್ಕಿಕೊಳ್ಳುವ ಚಟ ಅದು. ನಮ್ಮ ಕಡೆ ಅರ್ಧ ಊರಿಗೇ ಇತ್ತು. ಅದಿಲ್ಲದಿದ್ದರೆ ಅವನ ಹೊಟ್ಟೆ ಸಾಫಾಗುತ್ತಿರಲಿಲ್ಲ. ಮೂರು ದಿನ ಅವನು ನರಳಿದ್ದನ್ನು ನೋಡಲಾರದೆ ಅವ್ವ ಒಲೆಯ ಮೇಲೆ ಹೆಂಚಿಟ್ಟಳು. ಘಾಟು ಓಣಿಗೆಲ್ಲ ಹಬ್ಬಿತು. ಅಜ್ಜಿ ಸತ್ತ ಮೇಲೆ ನಮ್ಮ ಮನೆಯಲ್ಲಿ ಮಶೇರಿ ಹಚ್ಚುವವರೇ ಇಲ್ಲ ಎಂಬುದು ಓಣಿಗೇ ಗೊತ್ತಿತ್ತು. ಅದು ಅವ್ವನಿಗೆ ಹೊಳೆದದ್ದು ಆಮೇಲೆ.

ಪಕ್ಕದ ಮನೆಯವಳು ಕೂಡಲೇ ಬಂದಳು. ನೆಂಟಳಲ್ಲದಿದ್ದರೂ ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ದಿನಾ ಅವ್ವನ ಜೊತೆ ಕೂತು ಬೀಡಿ ಕಟ್ಟುವವಳು. ಅವಳ ತಮ್ಮ ಪೊಲೀಸ.

"ಅಕ್ಕಾ, ಮಶೇರಿ ಯಾರಿಗೆ ಹುರದಿ?"

"ನನಗಽ. ಹಲ್ಲ ನೋಯಾಕತ್ತೇತಿ."

ಮಾವಶಿ ಒಮ್ಮೆ ಅಟ್ಟದ ಕಡೆ ನೋಡಿ ಹೊರಟುಹೋದಳು.

ಮರುದಿನ ಅವಳು ತನ್ನ ಬಾಗಿಲ ಮುಂದೆ ಒಲೆ ಹೂಡಿ ತಾನೂ ಮಶೇರಿ ಹುರಿಯತೊಡಗಿದಳು. ಅವಳಿಗೆ ದಮ್ಮು, ಮಶೇರಿ ಎಂದೂ ಹಚ್ಚಿದವಳಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿದರೂ ಬಿಡಲಿಲ್ಲ. ಮೂರನೆಯ ದಿನ ಅವಳ ತಮ್ಮ ಸೈಕಲ್ಲಿನಿಂದ ಇಳಿದು ಏನೋ ಕೇಳಿದ. ಅವಳು ಏನೋ ಅಂದಳು. ಅವನು ಹೊರಟುಹೋದ. ಕಿಟಕಿಯ ಸಂದಿಯಲ್ಲಿ ನಿಂತಿದ್ದ ನಮಗೆ ಮಾತು ಕೇಳಿಸಲಿಲ್ಲ.

"ಈ ಘಾಟ ಹಿಡದ ಹುಡಕ ಅಂತ ತಮ್ಮಗ ಗುರ್ತ ತೋರ್ಸಾಕತ್ತಾಳ, ಮನಿಮುರುಕಿ," ಅಂದಳು ಅವ್ವ.

ಅಪ್ಪ ತಂಬಾಕಿನ ವಖಾರಿಗೆ ಕೆಲಸಕ್ಕೆ ಹೋಗಿದ್ದ. ಅವನನ್ನೂ ಕೇಳದೆ, ಹಾಡಹಗಲಲ್ಲೇ, ಅವ್ವ ಕಾಕಾನ ತಲೆಯ ಮೇಲೆ ಮೇವಿನ ಹೊರೆ ಹೊರಿಸಿ ಬೋರಗಾಂವದ ಅತ್ತೆಯ ಮನೆಗೆ ಕಳಿಸಿದಳು. ಅವನು ಊರ ನಾಕಾ ದಾಟಲಿಲ್ಲ, ಅಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದ. ಎರಡು ತಿಂಗಳ ಮೇಲೆ ಮನೆಗೆ ಬಂದಾಗ ಅವನ ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಅಂದಿನಿಂದ ನಮ್ಮಲ್ಲೇ ಉಳಿದ, ಎಡಗೈಯಿಂದಲೇ ಮಶೇರಿ ತಿಕ್ಕುತ್ತಿದ್ದ.

ಮಾವಶಿಯೊಂದಿಗೆ ಮಾತು ನಿಂತಿತು. ನನಗಂತೂ ಅವಳನ್ನು ಕಂಡರೆ ಮೈಯೆಲ್ಲ ಉರಿ. ಶಾಲೆಗೆ ಹೋಗುವಾಗ ದಿನಾ ಅವಳ ಬಾಗಿಲ ರಂಗೋಲಿಯನ್ನು ಕಾಲಿಂದ ಅಳಿಸಿ ಹೋಗುತ್ತಿದ್ದೆ. ಅವಳು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು, ಒಂದು ಮಾತು ಅನ್ನಲಿಲ್ಲ. ತಪ್ಪು ಮಾಡಿದವಳು ಏನೆಂದಾಳು ಎಂದುಕೊಂಡೆ. ಎಂಥ ಶಾಣ್ಯಾಕಿ ನಾನು.

ತೊಂಬತ್ತರ ದಶಕದಲ್ಲಿ, ಮದುವೆಯಾಗಿ ಅಥಣಿಗೆ ಹೋಗಿದ್ದ ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಮಾವಶಿ ದಮ್ಮಿನಿಂದ ಹಾಸಿಗೆ ಹಿಡಿದಿದ್ದಳು. ಕೂಸನ್ನು ತೋರಿಸೆಂದು ಹೇಳಿ ಕಳಿಸಿದಳು. ಅವ್ವ ಬೇಡವೆಂದರೂ ಬೆಳಿಗ್ಗೆ ಹೋದೆ. ಕೂಸಿನ ತಲೆ ಸವರಿ ಅವಳು ತಾನಾಗಿಯೇ ಅಂದಳು:

"ನಿಮ್ಮ ಮನಿ ಒಂದರಿಂದಽ ವಾಸನಿ ಬಂದಿದ್ರ ಯಾರಾರ ತಿಳಕೋತಿದ್ರವಾ. ಅದಕ್ಕ ನಾನೂ ಹುರದೆ. ನನ್ನ ತಮ್ಮ ಕೇಳಿದಾ, ಈ ಘಾಟ ಯಾರ ಮನೀದು ಅಂತ. ನಂದಽ ಅಂದೆ, ಹೋದಾ. ಇನ್ನ ನಾಕ ದಿನ ಅಟ್ಟದ ಮ್ಯಾಲ ಇಟಗೊಂಡಿದ್ರ ಆಗತಿತ್ತು. ಯಾಕ ಕಳಿಸಿದ್ರಿ?"

"ಆಗಽ ಯಾಕ ಹೇಳಲಿಲ್ಲ ಮಾವಶಿ?"

"ಅಟ್ಟದ ಮ್ಯಾಲ ಯಾರ ಅದಾರಂತ ನೀವು ನನಗ ಹೇಳಿದ್ರೇನು?"

ರಂಗೋಲಿ ಅಳಿಸಿದ ನನ್ನ ಕಾಲಿನ ಮೇಲೆ ನನಗೇ ಹೇಸಿಗೆ ಬಂತು. ಅವಳ ಕೈ ಹಿಡಿದು ಅತ್ತೆ.

ಮನೆಗೆ ಬಂದಾಗ ಕಾಕಾ ಅಂಗಳದಲ್ಲಿ ಎಡಗೈಯಿಂದ ಮಶೇರಿ ತಿಕ್ಕುತ್ತಿದ್ದ. ಅವ್ವ ಅವನಿಗೆ ಚರಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು.

"ಕಡೀಕ ಒಪ್ಪಿಕೊಂಡ್ಲೇನ ಆಕಿ?" ಅಂದಳು.

ಕಾಕಾನ ಬಲಗೈ ನೋಡಿದೆ, ಅವ್ವನ ಮುಖ ನೋಡಿದೆ.

"ನನಗ ಗೊತ್ತಿಲ್ಲವಾ," ಅಂದೆ.