ಮಿಕ್ಸಿ ಅಂಗಡಿಯ ಪಿಕಪ್

ಎರಡು ತಿಂಗಳ ಹಿಂದೆ ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪಿಕಪ್ ಆರಿಸುತ್ತ ಕೂತಿದ್ದೆ. ತಂತಿಗಳ ಕೆಳಗೆ ಕೂತು, ಅವು ಅದುರಿದ್ದನ್ನು ಹಿಡಿದು ಸ್ಪೀಕರಿಗೆ ಕಳಿಸುವ ಪುಟ್ಟ ಪಟ್ಟಿ ಅದು. ನನ್ನ ಗಿಟಾರ್ ಹತ್ತು ವರ್ಷದಿಂದ ಗುಂಯ್ ಎನ್ನುತ್ತಲೇ ಇತ್ತು. ಸದ್ದು ಮಾಡುವುದಿಲ್ಲವೆಂದು ಹೇಳಿಕೊಳ್ಳುವ ನಾಲ್ಕೈದು ಬಗೆಯವನ್ನು ಫೋನಿನಲ್ಲಿ ನೋಡಿ, ಅಳತೆಪಟ್ಟಿಗೆಂದು ಡ್ರಾಯರ್ ಎಳೆದೆ. ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಪಿಕಪ್ ಒಂದು ಸಿಕ್ಕಿತು. ಬಿಚ್ಚಿದರೆ ವಾರ್ನಿಷ್ ವಾಸನೆ... ಮಾರೇನಹಳ್ಳಿಯ ಆ ಅಂಗಡಿಯದೇ ವಾಸನೆ. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ತಲೆ ತಗ್ಗಿತು.

ಅದನ್ನು ಮಾಡಿಕೊಟ್ಟವರು ಅಲ್ಲಿನ ಮೋಟಾರ್ ವೈಂಡಿಂಗ್ ಅಂಗಡಿಯ ಯಜಮಾನರು. ಮಿಕ್ಸಿ, ಫ್ಯಾನು, ನೀರೆತ್ತುವ ಮೋಟಾರುಗಳ ಸುಟ್ಟ ಕಾಯಿಲ್ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಏಳೆಂಟು ವರ್ಷದ ಹಿಂದೆ ಅಮ್ಮನ ಮಿಕ್ಸಿ ಕೊಡಲು ಹೋದವನು ಗಿಟಾರಿನ ಗೋಳನ್ನೂ ಹೇಳಿಕೊಂಡೆ. ಅವರು ಪಿಕಪ್ ಎಂಬುದನ್ನೇ ಕಂಡವರಲ್ಲ. ನನ್ನದನ್ನು ಬಿಚ್ಚಿ ಒಂದು ವಾರ ತಿರುಗಿಸಿ ಮುರುಗಿಸಿ ನೋಡಿದರು.

"ಎರಡು ಕಾಯಿಲ್ ಸುತ್ತೋಣಪ್ಪಾ, ಒಂದು ಹಿಂಗೆ, ಒಂದು ಹಂಗೆ. ಕರೆಂಟಿನ ಗುಂಯ್ ಅನ್ನೋದನ್ನ ಒಂದಕ್ಕೊಂದು ಹೊಡೆದಾಕ್ತವೆ. ನಿನ್ನ ತಂತಿ ಸದ್ದು ಮಾತ್ರ ಉಳಿಯುತ್ತೆ" ಎಂದರು.

ಕೂದಲಿಗಿಂತ ಸಣ್ಣ ತಂತಿ. ಹಳೆಯ ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತ ಬಾಯಲ್ಲೇ ಎಣಿಸುತ್ತಿದ್ದರು. ನೂರು ಸುತ್ತಿಗೊಂದು ಹುಣಸೆ ಬೀಜ ಡಬ್ಬಿಗೆ ಬೀಳುತ್ತಿತ್ತು. ಆಗ ಯಾರೇ ಬಂದರೂ ಮಾತಿಲ್ಲ, ಎತ್ತಿದ ಕೈ ಒಂದೇ ಉತ್ತರ.

ಮುಗಿದ ದಿನ ಅಂಗಡಿಯಲ್ಲೇ ನುಡಿಸಿ ನೋಡಿದೆವು. ಒಂದು ಚೂರೂ ಗುಂಯ್ ಇರಲಿಲ್ಲ. ಹೊರಡುವಾಗ, ನಿಮ್ಮನೆ ಅರ್ತ್ ಸರಿಯಿದೆಯಾ, ಸೋರಿದ ಕರೆಂಟನ್ನು ಮಣ್ಣಿಗಿಳಿಸೋ ಆ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕ್ತೀರಾ ಎಂದು ಕೇಳಿದರು. ತುಳಸಿ ಗಿಡಕ್ಕೆ ನೀರು ಹಾಕ್ತೀರಾ ಎಂದು ಕೇಳಿದಂತಿತ್ತು. ನಕ್ಕುಬಿಟ್ಟೆ.

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಗೆಳೆಯರ ಮುಂದೆ ಗಿಟಾರ್ ಹಚ್ಚಿದರೆ ಮತ್ತೆ ಅದೇ ಗುಂಯ್.

"ಮಗಾ, ಮಿಕ್ಸಿ ಅಂಗಡೀಲಿ ಮಾಡ್ಸಿದ್ರೆ ಮಿಕ್ಸಿ ಸೌಂಡೇ ಬರೋದು" ಎಂದ ಒಬ್ಬ. ಎಲ್ಲರೂ ನಕ್ಕರು. ಆ ಸಿಟ್ಟಿನಲ್ಲಿ ನೆಟ್ಟಗೆ ಮಾರೇನಹಳ್ಳಿಗೆ ಹೋದೆ. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಅವರೆಲ್ಲ ಕೇಳುವಂತೆ, "ಕಣ್ಣು ಕಾಣ್ದೆ ಇದ್ಮೇಲೆ ಇಂಥ ಕೆಲಸ ಯಾಕೆ ಒಪ್ಕೋತೀರಾ?" ಎಂದುಬಿಟ್ಟೆ. ನನ್ನ ತಂದೆಗಿಂತ ದೊಡ್ಡವರು ಅವರು.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಎಣಿಕೆ ಎಲ್ಲೋ ತಪ್ಪಿರ್ಬೇಕು" ಎಂದು ಮೆಲ್ಲಗೆ ಹೇಳಿ, ಮನೆಗೇ ಬಂದು ಒಮ್ಮೆ ನೋಡುತ್ತೇನೆ ಎಂದರು. ಬೇಡವೇ ಬೇಡ ಎಂದು ಗಾಡಿ ತಿರುಗಿಸಿದೆ.

ಇನ್ನೂ ನಾಚಿಕೆಗೇಡಿನ ಸಂಗತಿ ಇದೆ. ಆಮೇಲೆ ಹಾಕಿಸಿದ ಫಾರಿನ್ ಪಿಕಪ್ಪೂ ಮನೆಯಲ್ಲಿ ಗುಂಯ್ ಎಂದಿತು. ತಪ್ಪು ಅವರದಲ್ಲವೇನೋ ಎಂದು ಅವತ್ತೇ ಅನಿಸಿತ್ತು. ಗೆಳೆಯರ ಮುಂದೆ ಮಾತ್ರ ಸೂಪರ್ ಆಗಿದೆ ಎಂದೆ. ಮಾರೇನಹಳ್ಳಿಯ ಆ ರಸ್ತೆಯನ್ನೇ ಬಿಟ್ಟು ಸುತ್ತಿ ಓಡಾಡತೊಡಗಿದೆ...

ಡ್ರಾಯರ್ ಎಳೆದ ಎರಡು ದಿನಕ್ಕೆ, ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿದೆಯೆಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅರ್ತ್ ಗುಂಡಿ ಎಲ್ಲಿ ಸಾರ್ ಎಂದ. ಕಾರು ನಿಲ್ಲಿಸಲೆಂದು ಅದರ ಮೇಲೆ ಟೈಲ್ಸ್ ಹಾಕಿಸಿ ಹನ್ನೆರಡು ವರ್ಷವಾಗಿತ್ತು. ಒಡೆದು ನೋಡಿದರೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ನೆಲಕ್ಕಿಳಿಯಲಾರದ ಕರೆಂಟೇ ನಲ್ಲಿಯಲ್ಲಿ ಜುಮ್ ಎನ್ನುತ್ತಿತ್ತು, ಗಿಟಾರಿನಲ್ಲಿ ಗುಂಯ್ ಎನ್ನುತ್ತಿತ್ತು. ಅವನು ಉಪ್ಪು, ಇದ್ದಿಲು ತುಂಬಿ ನಾಲ್ಕು ಬಕೆಟ್ ನೀರು ಸುರಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದು ಉಲ್ಟಾ, ನೆಲವೇ ಕೆಟ್ಟಿತ್ತು, ನಾನು ಕುಣಿದವರನ್ನು ಬೈದು ಬಂದಿದ್ದೆ.

ಅವರು ಸುತ್ತಿದ ಪಿಕಪ್ಪನ್ನೇ ಗಿಟಾರಿಗೆ ಕೂರಿಸಿ ವಾಲ್ಯೂಮ್ ಪೂರ್ತಿ ಏರಿಸಿದೆ. ಗುಂಯ್ ಇಲ್ಲ. ತಂತಿ ಮುಟ್ಟಿದರೆ ತಂತಿಯ ಸದ್ದು, ಅಷ್ಟೆ.

ಮರುದಿನ ಬೆಳಿಗ್ಗೆಯೇ ಮಾರೇನಹಳ್ಳಿಗೆ ಹೋದೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಪಕ್ಕದಲ್ಲಿ ಹೂ ಕಟ್ಟುವ ಅಮ್ಮ ಮಾತ್ರ ಅಂದಿನವರೇ. ಯಜಮಾನರು ಎಲ್ಲಿ ಎಂದು ಕೇಳಿದೆ.

"ಹೋಗ್ಬಿಟ್ರು ಕಣಪ್ಪಾ, ಮೂರು ವರ್ಷ ಆಯ್ತು. ಸಣ್ಣ ತಂತಿ ಕೆಲಸ ಅದಕ್ಕೂ ಮುಂಚೇನೇ ಬಿಟ್ಟಿದ್ರು. ಯಾವ್ದೋ ಹುಡುಗನ ಸಾಮಾನು ಕೆಡಿಸ್ಬಿಟ್ಟೆ, ಕಣ್ಣು ಕೈ ಕೊಡ್ತು ಅಂತಿದ್ರು" ಎಂದರು. ನಿನಗೆ ಬೇಕಾದವರಾ ಎಂದೂ ಕೇಳಿದರು.

ಮಿಕ್ಸಿ ರಿಪೇರಿಗೆ ಬರುತ್ತಿದ್ದೆ ಎಂದೆ. ಎರಡು ಮೊಳ ಸೇವಂತಿಗೆ ತೆಗೆದುಕೊಂಡು ವಾಪಸು ಬಂದೆ.

ಈಗ ಭಾನುವಾರ ಭಾನುವಾರ ಗುಂಡಿಗೆ ನೀರು ಹಾಕುತ್ತೇನೆ. ಎಣಿಕೆ ತಪ್ಪಿರಲಿಲ್ಲ ಯಜಮಾನರೇ, ಒಂದು ಸುತ್ತೂ ತಪ್ಪಿರಲಿಲ್ಲ. ಇದನ್ನು ಆ ಹೂವಿನಮ್ಮನಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.