ನಲವತ್ತು ದಾಟಿದ ಮೇಲೆ ಹತ್ತನೆಯ ಕ್ಲಾಸು

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಸರ್ಕಾರಿ ನೌಕರರೆಲ್ಲ ಕೆಲಸ ಬಿಟ್ಟು ರಸ್ತೆಗಿಳಿದ ದಿನಗಳವು. ನಾನು ಜಹೀರಾಬಾದಿನ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಶಾಲೆಗೆ ಬೀಗ ಬಿದ್ದಿತ್ತು, ಬಸ್ಸುಗಳು ಡಿಪೋ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಮನೆಗೆಲಸ ಮುಗಿಸಿ ನಾವು ಶಿಕ್ಷಕಿಯರೆಲ್ಲ ಹೆದ್ದಾರಿ ಪಕ್ಕದ ಶಾಮಿಯಾನದ ಕೆಳಗೆ ಹೋಗಿ ಕೂಡುತ್ತಿದ್ದೆವು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಕಚೇರಿಯಲ್ಲಿ ತೆಲುಗು ಎಂದು ಬದುಕಿದವಳು ನಾನು. ಘೋಷಣೆ ಕೂಗುವಾಗ ಯಾವ ಭಾಷೆ ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಒಂದು ದಿನ ಹೆದ್ದಾರಿಯ ಮೇಲೆಯೇ ಅಡುಗೆ ಮಾಡಿ ಅಲ್ಲೇ ಊಟ ಮಾಡುವ ಕಾರ್ಯಕ್ರಮವಿತ್ತು. ತೆಲುಗಿನವರು ಅದನ್ನು ವಂಟಾ-ವಾರ್ಪು ಅನ್ನುತ್ತಾರೆ. ಡಾಂಬರಿನ ಮೇಲೆ ಕಲ್ಲು ಹೂಡಿ, ದೊಡ್ಡ ಪಾತ್ರೆ ಇಟ್ಟು, ನಾವು ಟೀಚರುಗಳು ಬೇಳೆ ಬೇಯಿಸುತ್ತಿದ್ದೆವು. ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿದವರ ಕೈ ಅಷ್ಟು ದೊಡ್ಡ ಪಾತ್ರೆಗೆ ಹೊಂದುತ್ತಿರಲಿಲ್ಲ. ನಾರಾಯಣಖೇಡದ ಕಡೆಯ ಅಂಗನವಾಡಿ ಹೆಣ್ಣುಮಕ್ಕಳು ಒಂದು ಟೆಂಪೋದಲ್ಲಿ ಬಂದಿಳಿದರು. ಅವರಲ್ಲೊಬ್ಬಳು ನೇರ ನಮ್ಮ ಒಲೆಯ ಹತ್ತಿರ ಬಂದು ಸೌಟಿಗೆ ಕೈ ಹಾಕಿದಳು.

"ಹಿಂಗ ತಿರುವಿದ್ರ ತಳಾ ಹತ್ತತದ. ಸರೀರಿ, ಸರೀರಿ."

ಆ ಧ್ವನಿ ಕೇಳಿ ನಾನು ಸರಿಯಲಿಲ್ಲ, ಅವಳ ಮುಖವನ್ನೇ ನೋಡಿದೆ. ಗಲ್ಲ ಒಳಗೆ ಹೋಗಿತ್ತು, ಕಿವಿಯ ಮೇಲೆ ಬಿಳಿ ಕೂದಲು. ಆದರೆ ಮಾತಾಡುವಾಗ ಎಡಹುಬ್ಬು ಮೇಲೇರಿಸುವ ಚಾಳಿ ಹಾಗೇ ಇತ್ತು.

"ನೀ ಝರಾಸಂಗದ ಕಡ್ಯಾಕಿ ಅಲ್ಲೇನು? ಹೈಸ್ಕೂಲಿನಾಗ ನನ್ನ ಬಾಜೂಕ ಕೂಡ್ತಿದ್ದಿ?"

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯವ್ವಾ! ನೀ ಕಣ್ಣಿಗಿ ಕನ್ನಡಕ ಯಾವಾಗ ಹಚಗೊಂಡಿ?" ಎಂದವಳೇ ನನ್ನ ಕೊರಳಿಗೆ ಬಿದ್ದಳು. ಸೌಟಿನ ಬೇಳೆಯೆಲ್ಲ ನನ್ನ ಸೀರೆಗೆ.

ಜಹೀರಾಬಾದಿನ ಹೈಸ್ಕೂಲಿನ ಕನ್ನಡ ಮೀಡಿಯಮ್ಮಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ದಿನಾ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಹತ್ತನೆಯ ಕ್ಲಾಸಿನಲ್ಲಿ ಸಂಕ್ರಾಂತಿ ರಜೆ ಮುಗಿಸಿ ನಾವೆಲ್ಲ ವಾಪಸು ಬಂದರೆ ಅವಳ ಜಾಗ ಖಾಲಿಯಿತ್ತು. ಮದುವೆ ಗೊತ್ತಾಗಿತ್ತು, ನಾರಾಯಣಖೇಡದ ಕಡೆ ಕೊಟ್ಟರು. ಆಮೇಲೆ ಒಮ್ಮೆಯೂ ಕಂಡಿರಲಿಲ್ಲ. ಮೊಬೈಲು ಇಲ್ಲದ ಕಾಲ. ಒಬ್ಬರ ಊರು ಇನ್ನೊಬ್ಬರಿಗೆ ದೂರವೇನಲ್ಲ, ಆದರೆ ಹೋಗಲು ಕಾರಣ ಬೇಕಲ್ಲ.

ಎಲೆ ಹಾಕಿಕೊಂಡು ಹೆದ್ದಾರಿಯ ನಡುವೆ ಕೂತು ಉಣ್ಣುವಾಗ ಅವಳು ತನ್ನ ಕಥೆ ಹೇಳಿದಳು. ಅಂಗನವಾಡಿಯಲ್ಲಿ ಆಯಾ. ಅವರದು ದಲಿತ ಕೇರಿಯ ಬೌದ್ಧರ ಮನೆ. ಮೊದಮೊದಲು ಅವಳು ಮಾಡಿದ ಅನ್ನವನ್ನು ಊರಿನ ಕೆಲವರು ತಮ್ಮ ಮಕ್ಕಳಿಗೆ ತಿನ್ನಲು ಬಿಡುತ್ತಿರಲಿಲ್ಲ. "ಈಗ ಅದೇ ಮನಿ ಕೂಸುಗಳು ನನ್ನ ಸೆರಗ ಬಿಡಂಗಿಲ್ಲ," ಎಂದು ನಕ್ಕಳು. ಅಲ್ಲಿನ ಟೀಚರಮ್ಮ ಮೂರು-ನಾಲ್ಕು ವರ್ಷದಲ್ಲಿ ಕೆಲಸ ಬಿಡುವವಳಿದ್ದಳು. ಆ ಜಾಗಕ್ಕೆ ಆಯಾಳನ್ನೇ ಮೊದಲು ಪರಿಗಣಿಸುತ್ತಾರಂತೆ, ಆದರೆ ಹತ್ತನೇ ಪಾಸಾಗಿರಬೇಕು.

"ಹಂಗಾದ್ರ ಬರಿ," ಅಂದೆ. "ಓಪನ್ ಸ್ಕೂಲ್ ಅದ. ವಯಸ್ಸ ಎಷ್ಟಾದ್ರೂ ನಡೀತದ."

"ಹುಚ್ಚಿ ಇದ್ದೀ ಏನು? ಮಗಳು ಕಾಲೇಜಿನಾಗ ಇಂಟರ್ ಓದಾಕ ಹತ್ಯಾಳ. ನಾ ಹತ್ತನೇದು ಬರದ್ರ ಮಂದಿ ನಗ್ತಾರ."

"ನಗಲಿ. ನನಗ ಈಗ ಸಾಲಿ ಇಲ್ಲ, ಖಾಲಿ ಕುಂತೀನಿ. ನಾ ಹೇಳಿಕೊಡ್ತೀನಿ."

ಅವಳು ಎಲೆ ಮಡಚಿ ಎದ್ದಳು. ಟೆಂಪೋ ಹತ್ತುವಾಗ ಮಾತ್ರ ನನ್ನ ನಂಬರನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ವಾರದೊಳಗೆ ಅವಳೇ ಫೋನ್ ಮಾಡಿದಳು. "ಪುಸ್ತಕ ಎಲ್ಲಿ ಸಿಗ್ತಾವ?" ಎಂದಷ್ಟೇ ಕೇಳಿದಳು.

ಅವಳ ಹೆಸರನ್ನು ಜಹೀರಾಬಾದಿನ ಓಪನ್ ಸ್ಕೂಲ್ ಕೇಂದ್ರದಲ್ಲೇ ಹಚ್ಚಿಸಿದೆ. ಪುಸ್ತಕಗಳು ಸಿಕ್ಕವು, ಆದರೆ ತೆಲುಗಿನಲ್ಲಿ. ಮಕ್ಕಳನ್ನು ತೆಲುಗು ಶಾಲೆಗೆ ಕಳಿಸಿದ್ದರಿಂದ ಅವಳಿಗೆ ಓದಲು ಬರುತ್ತಿತ್ತು. ತಲೆಯೊಳಗಿನ ಪಾಠ ಮಾತ್ರ ಕನ್ನಡದ್ದು. ನಾವು ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದು ಅಲ್ಲಿ ಕಿರಣಜನ್ಯ ಸಂಯೋಗಕ್ರಿಯ ಆಗಿತ್ತು. ನಮ್ಮ ಲ.ಸಾ.ಅ. ಅಲ್ಲಿ ಕ.ಸಾ.ಗು. "ಎಲಿ ಅನ್ನ ಮಾಡೂದಕ್ಕ ಇಷ್ಟುದ್ದ ಹೆಸರ ಯಾಕವಾ?" ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. ವಿಜ್ಞಾನ, ಸಮಾಜ, ತೆಲುಗು, ಇಂಗ್ಲಿಷ್ ಹೇಗೋ ಸಾಗಿದವು. ಗಣಿತದ ಹತ್ತಿರ ನಾನೇ ನಿಂತುಬಿಟ್ಟೆ. ಪ್ರೈಮರಿ ಮಕ್ಕಳಿಗೆ ಕಲಿಸುವವಳು ನಾನು. ಹತ್ತನೆಯ ಬೀಜಗಣಿತ ಯಾವಾಗಲೋ ಮರೆತುಹೋಗಿತ್ತು.

ಆಗ ನೆನಪಾದವನು ತಾಂಡೂರಿನ ಗೆಳೆಯ. ಅವನೂ ನಮ್ಮ ಕ್ಲಾಸಿನವನೇ, ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ನಾವು ಓದುವಾಗ ಹುಡುಗರು ಹುಡುಗಿಯರ ಜೊತೆ ಮಾತಾಡುವ ಪದ್ಧತಿಯೇ ಇರಲಿಲ್ಲ. ಮೊಬೈಲು ಬಂದ ಮೇಲೆ ಅವನು ಯಾರಿಂದಲೋ ನನ್ನ ನಂಬರ್ ಪಡೆದು ಒಂದು ದಸರೆಗೆ ಫೋನ್ ಮಾಡಿ, "ಅಕ್ಕಾ, ಬನ್ನಿ ತಗೊಂಡು ಬಂಗಾರದಂಗ ಇರ್ರಿ," ಎಂದಿದ್ದ. ಅಲ್ಲಿಂದ ವರ್ಷಕ್ಕೊಮ್ಮೆ ಆ ಫೋನು ತಪ್ಪುತ್ತಿರಲಿಲ್ಲ. ಹಬ್ಬ ಇಲ್ಲದ ದಿನ ಮೊದಲ ಸಲ ನಾನೇ ಅವನಿಗೆ ಫೋನ್ ಹಚ್ಚಿದೆ.

ವಿಷಯ ಕೇಳಿ ಅವನು ಬಹಳ ಹೊತ್ತು ನಕ್ಕ. "ಅಕ್ಕಾ, ನಾ ಗಣಿತದಾಗ ಎರಡ ಸರೆ ಡುಮ್ಕಿ ಹೊಡದಾಂವ. ನನ್ನ ಕೇಳ್ತೀರೇನು?"

"ಕಡೀಕ ಪಾಸ್ ಆದಿ ಅಲ್ಲ?"

"ಆದೆ. ಎಲ್ಲೆಲ್ಲಿ ತಪ್ಪತಾರ ಅಂಬೋದು ನನಗ ಭೇಷ ಗೊತ್ತದ. ಅಷ್ಟು ಸಾಕಂದ್ರ ಹೇಳ್ತೀನಿ."

ಒಂದು ತೊಡಕಿತ್ತು. ಪರಗಂಡಸು ದಿನಾ ಸಂಜೆ ಅವಳಿಗೆ ಫೋನ್ ಮಾಡುವುದೆಂದರೆ ಹಳ್ಳಿಯಲ್ಲಿ ಸುಮ್ಮನಲ್ಲ. ಅವಳ ಗಂಡ ಒಳ್ಳೆಯ ಮನುಷ್ಯನೇ, ಆದರೂ ಯಾರು, ಯಾಕೆ, ಎಂದು ಕೇಳುವವನೇ. ತಾಂಡೂರಿನ ಗೆಳೆಯ ಇದನ್ನು ತಾನಾಗಿ ಅರ್ಥ ಮಾಡಿಕೊಂಡ. ಮೊದಲ ದಿನ ಫೋನ್ ಮಾಡಿ ನೇರ ಗಂಡನನ್ನೇ ಕೇಳಿದನಂತೆ. "ಭಾವಾರ, ನಾ ನಿಮ್ಮ ಮನ್ಯಾಕಿ ಸಂಗಟ ಓದಿದಾಂವ. ಈ ವರ್ಷ ತೊಗರಿ ಹೆಂಗದ?" ತೊಗರಿಗೇ ಹೆಸರಾದ ತಾಂಡೂರಿನವನು ತೊಗರಿಯ ಬಗ್ಗೆ ಮಾತು ಶುರು ಮಾಡಿದರೆ ಮುಗಿಯುವುದೆಲ್ಲಿ? ಆ ದಿನ ಗಣಿತ ನಡೆಯಲೇ ಇಲ್ಲ. ಮರುದಿನವೂ ಅರ್ಧ ಹೊತ್ತು ಕಾಯಿಕೊರಕ ಹುಳದ ಮಾತಾಯಿತು. ಮೂರನೆಯ ದಿನ ಗಂಡನೇ ಫೋನಿನ ಸ್ಪೀಕರ್ ಹಚ್ಚಿ ಹೆಂಡತಿಯ ಮುಂದಿಟ್ಟು ತಾನೂ ಪಕ್ಕದಲ್ಲಿ ಕೂತ.

ಹೀಗೆ ಅವರ ಮನೆಯಲ್ಲಿ ಸಂಜೆಯ ಶಾಲೆ ಶುರುವಾಯಿತು. ಅವಳು ಅಡುಗೆ ಮಾಡುತ್ತ ಬಾಯಿಲೆಕ್ಕ ಹೇಳುವುದು, ಅವನು ಕಾರ್ಖಾನೆಯ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತ ತಪ್ಪು ಹಿಡಿಯುವುದು. ಒಮ್ಮೆ ಅವನಿಗೆ ಜ್ವರ ಬಂದು ಎರಡು-ಮೂರು ದಿನ ಫೋನ್ ಬರಲಿಲ್ಲ. ಆಗ ಅವಳಿಗಿಂತ ಮೊದಲು ಗಂಡನೇ ನನಗೆ ಫೋನ್ ಮಾಡಿದ. "ಬಾಯಾರ, ತಾಂಡೂರ ಸಾರು ಆರಾಮ ಇದ್ದಾರಿಲ್ರಿ? ಸಮೀಕರಣ ಅರ್ಧಕ್ಕ ನಿಂತದ್ರಿ."

ನಮ್ಮ ಗೆಳೆಯ ಅವನ ಬಾಯಲ್ಲಿ ‘ಸರ್’ ಆಗಿಬಿಟ್ಟಿದ್ದ. ನನಗೆ ಆ ದಿನ ಬಹಳ ಸಂತೋಷವಾಯಿತು.

ಮುಷ್ಕರ ಮುಗಿಯಿತು, ಶಾಲೆ ತೆರೆಯಿತು. ಆದರೆ ಬಂದ್, ಧರಣಿ, ರೈಲು ತಡೆ ಆಗಾಗ ನಡೆದೇ ಇದ್ದವು. ಪರೀಕ್ಷೆ ಬಂತು. ಬೇರೆ ವಿಷಯಗಳನ್ನೆಲ್ಲ ಅವಳು ಬರೆದಳು. ಗಣಿತ ಕಡೆಗೆ ಉಳಿಯಿತು. ಹಿಂದಿನ ಸಂಜೆ ಅವಳು ಫೋನ್ ಮಾಡಿದಳು. "ನಾ ಬರಂಗಿಲ್ಲ ಬಿಡು. ನಾಕು ಪಾಸಾದ್ರೂ ಆತು."

"ಬಾ. ನಾ ಗೇಟಿನ ಮುಂದ ನಿಂತಿರ್ತೀನಿ," ಅಂದೆ. ತಾಂಡೂರಿನವನಿಗೂ ಹೇಳಿದೆ. ಅವನು ರಜೆ ಹಾಕಿ ಬರುತ್ತೇನೆ ಅಂದ.

ಬೆಳಿಗ್ಗೆ ನಾನು ಕೇಂದ್ರದ ಗೇಟಿಗೆ ಹೋದರೆ ಅಲ್ಲೊಂದು ಕಾಗದ ಅಂಟಿಸಿದ್ದರು. ಬಂದ್ ಇರುವುದರಿಂದ ಪರೀಕ್ಷೆ ಮುಂದಕ್ಕೆ. ಫೋನ್ ಮಾಡಿದರೆ ಗಂಡ-ಹೆಂಡತಿ ಆಗಲೇ ಮೋಟಾರ್ ಸೈಕಲ್ಲಿನಲ್ಲಿ ಅರ್ಧ ದಾರಿ ಬಂದಿದ್ದರು. ಸ್ವಲ್ಪ ಹೊತ್ತಿಗೆ ಬಂದಿಳಿದು, ಕಾಗದ ಓದಿ, ಅವಳು ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ಧೈರ್ಯವನ್ನೆಲ್ಲ ಒಟ್ಟು ಮಾಡಿ ತಂದವಳಿಗೆ ಅದನ್ನು ಎಲ್ಲಿಡಬೇಕೋ ತಿಳಿಯದಂತಾಗಿತ್ತು. ಅಳಬೇಕೋ ನಗಬೇಕೋ ಎಂದು ನನ್ನ ಮುಖ ನೋಡಿದಳು.

ಅಷ್ಟರಲ್ಲಿ ತಾಂಡೂರಿನವನ ಗಾಡಿ ಬಂತು. ಮೈಯೆಲ್ಲ ಧೂಳು. ಪೆದ್ದೆಮುಲ್ ದಾಟುವಷ್ಟರಲ್ಲಿ ರಸ್ತೆಗೆ ಕಲ್ಲಿಟ್ಟಿದ್ದರಂತೆ. "ಇಳದು ಅವರ ಸಂಗಟ ಜೈ ತೆಲಂಗಾಣ ಅಂದೆ. ಪರೀಕ್ಷೆ ಅದ ಅಂದೆ. ಬಿಟ್ರು. ಈ ವಯಸ್ಸಿನಾಗ ಎಂಥಾ ಪರೀಕ್ಷೆ ಅಂತ ಯಾರೂ ಕೇಳಲಿಲ್ಲ." ಅವಳು ಕಟ್ಟೆಯಿಂದ ಎದ್ದು ನಿಂತಳು. ಇಷ್ಟು ತಿಂಗಳು ಮಾತಾಡಿದ ಇಬ್ಬರೂ ಎದುರುಬದುರು ನಿಂತಿದ್ದು ಹೈಸ್ಕೂಲು ಬಿಟ್ಟ ಮೇಲೆ ಅದೇ ಮೊದಲು.

"ನೀವೇ ಏನ್ರಿ ಸಾರು?" ಅಂದಳು.

"ಸಾರು ಗೀರು ಬ್ಯಾಡ್ರಿ ಅಕ್ಕಾ. ನಾ ನಿಮ್ಮ ಹಿಂದಿನ ಬೆಂಚಿನಾಂವ. ಮೂರು ವರ್ಷ ನಿಮ್ಮಿಬ್ಬರ ಜಡಿ ಬಿಟ್ಟು ಮಾರಿ ನೋಡಿದ್ದಿಲ್ಲ."

ಅವಳ ಗಂಡ ಮೊದಲು ನಕ್ಕ. ಆಮೇಲೆ ನಾವೆಲ್ಲ.

ಅಂಗಡಿ ಇಲ್ಲ, ಹೋಟೆಲ್ ಇಲ್ಲ, ರಸ್ತೆಗಳೆಲ್ಲ ಬಂದ್. ವಾಚ್‌ಮನ್ ಒಳಗೆ ಬಿಟ್ಟ. ಅಂಗಳದ ಬೇವಿನ ಮರದ ಕೆಳಗೆ ನಾಲ್ವರೂ ಕೂತೆವು. ಅವಳು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ನಾವು ಓದಿದ ದಿನಗಳಲ್ಲಿ ಅವಳ ಡಬ್ಬಿಯಿಂದ ಉಣ್ಣಲು ಕ್ಲಾಸಿನಲ್ಲಿ ಎಷ್ಟು ಜನ ಹಿಂಜರಿಯುತ್ತಿದ್ದರು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತಾಂಡೂರಿನವನು ಏನೂ ಅನ್ನದೆ ಎರಡನೆಯ ರೊಟ್ಟಿಗೆ ಕೈ ಚಾಚಿ, "ಹಿಂಡಿ ಇನ್ನಷ್ಟು ಹಾಕ್ರಿ," ಅಂದ. ಅವಳು ಹಾಕಿದಳು.

ರಾಜ್ಯ ಆದರೆ ಏನಾಗಬಹುದು ಎಂಬ ಮಾತು ಬಂತು. ನನಗೆ ನನ್ನ ಕನ್ನಡ ಶಾಲೆಯ ಚಿಂತೆ. ಗಡಿಯಲ್ಲಿರುವ ನಮ್ಮನ್ನು ಹೈದರಾಬಾದಿನವರು ನೆನಪಿಡುತ್ತಾರೋ ಇಲ್ಲವೋ ಎಂದೆ. ಅವಳು ರೊಟ್ಟಿ ಮುರಿಯುತ್ತ, "ನೆನಪಿಡಲಿಲ್ಲಂದ್ರ ನೆನಪ ಮಾಡೂಣು. ಈಗ ರಸ್ತೆದಾಗ ಕೂಡಾಕ ಕಲತೀವಲ್ಲ," ಎಂದಳು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಬಿಡಿಸಿದರು. ಅವನು ಕೇಳಿದ್ದನ್ನೆಲ್ಲ ಅವಳು ಮಾಡಿದಳು, ಒಂದು ತ್ರಿಭುಜದ ಹತ್ತಿರ ಮಾತ್ರ ಸಿಕ್ಕಿಕೊಂಡಳು. ಮಧ್ಯಾಹ್ನ ಇಳಿಯುವವರೆಗೆ ಕೂತೇ ಇದ್ದೆವು. ಸತ್ತುಹೋದ ಮಾಸ್ತರರನ್ನು ನೆನೆದೆವು, ಯಾರು ಎಲ್ಲಿದ್ದಾರೆ ಎಂದು ಲೆಕ್ಕ ಹಾಕಿದೆವು. ಬಂದ್ ಇರದಿದ್ದರೆ ಅವಳು ಪರೀಕ್ಷೆ ಬರೆದು ಹೋಗುತ್ತಿದ್ದಳು, ನಮಗೆ ಆ ದಿನ ಸಿಗುತ್ತಿರಲಿಲ್ಲ.

ಮುಂದಿನ ತಾರೀಖಿಗೆ ಬರೆದಳು. ಎಲ್ಲದರಲ್ಲೂ ಪಾಸ್, ಗಣಿತದಲ್ಲಿ ಫೇಲ್. ನಾನು ಸಮಾಧಾನ ಹೇಳಲು ಫೋನ್ ಹಚ್ಚಿದರೆ ಬಿಜಿ. ಆಮೇಲೆ ಗೊತ್ತಾಯಿತು, ತಾಂಡೂರಿನವನು ಮೊದಲೇ ಮಾಡಿದ್ದ. "ಅಕ್ಕಾ, ನನ್ನಂಗ ಆತು ನೋಡ್ರಿ. ಇನ್ನೊಂದು ಸರೆಗಿ ನಾನು ಕೂತಿದ್ದೆ, ನೀವೂ ಕೂಡ್ರಿ," ಎಂದಿದ್ದನಂತೆ. ಅವಳ ಗಂಡ ಆ ಸಲ ಬಿತ್ತನೆಯ ನಡುವೆಯೂ ಸಂಜೆಯ ಪಾಠ ತಪ್ಪಿಸಲು ಬಿಡಲಿಲ್ಲ. ಕಾಲೇಜಿನ ಮಗಳು, ಮೊದಲು ಗೆಳತಿಯರ ಮುಂದೆ ನಾಚಿಕೊಂಡಿದ್ದವಳು, ಜ್ಯಾಮಿತಿಯನ್ನು ತಾನೇ ಕಲಿಸಿದಳು. ಎರಡನೆಯ ಸಲ ಅವಳು ಪಾಸಾದಳು. ಸುದ್ದಿ ಹೇಳುವಾಗ ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ. ಹಿಂದಿನಿಂದ ಗಂಡ ಯಾರಿಗೋ, "ನಾವು ಪಾಸ್ ಆದೆವು" ಎಂದು ಕೂಗಿ ಹೇಳುತ್ತಿದ್ದುದು ಮಾತ್ರ ಕೇಳಿಸಿತು.

ರಾಜ್ಯ ಬಂತು. ಅದರ ಮರುವರ್ಷ ಅವಳಿಗೆ ಟೀಚರ್ ಜಾಗವೂ ಬಂತು. ನಾನು, ತಾಂಡೂರಿನವನು, ಅವನ ಹೆಂಡತಿ ಮೂವರೂ ಅವಳ ಊರಿಗೆ ಹೋದೆವು. ಮನೆಯಲ್ಲಿ ಬುದ್ಧನ ಪಟಕ್ಕೆ ಹೂವಿನ ಮಾಲೆ ಹಾಕಿದ್ದಳು. ಅಲ್ಲಿಂದ ಅಂಗನವಾಡಿಗೆ ಹೋದರೆ, ಆ ಊರಿನ ಮಕ್ಕಳು ಕೆಲವು ಕನ್ನಡ, ಕೆಲವು ತೆಲುಗು, ಒಂದೆರಡು ಲಂಬಾಣಿ ಮಾತಾಡುವಂಥವು. ಅವಳು ಒಂದೇ ಉಸಿರಿನಲ್ಲಿ ಮೂರರಲ್ಲೂ ಗದರುತ್ತಿದ್ದಳು. ತಾಂಡೂರಿನವನ ಹೆಂಡತಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದಳು.

ಬರುವ ದಾರಿಯಲ್ಲಿ ಅವನು ಇನ್ನೊಂದು ಸುದ್ದಿ ಹೇಳಿದ. ನಮ್ಮ ಕ್ಲಾಸಿನಲ್ಲಿ ಎಂಟನೆಯದಕ್ಕೇ ಬಿಟ್ಟಿದ್ದ ಒಬ್ಬಳು ಪೆದ್ದೆಮುಲ್ ಹತ್ತಿರದ ಹಳ್ಳಿಯಲ್ಲಿ ಇದ್ದಾಳಂತೆ. ಇವನೇ ಹುಡುಕಿದ್ದ. ಹೊಲ ನೋಡಿಕೊಂಡಿರುವ ಅವಳಿಗೆ ಪಾಸಾಗಿ ಯಾವ ಕೆಲಸವೂ ಬೇಕಾಗಿಲ್ಲ, ಓದಬೇಕು ಅನ್ನಿಸಿದೆ ಅಷ್ಟೇ.

"ಗಣಿತ ನಾ ಹೇಳ್ತೀನಿ ಅಂದೀನಿ," ಎಂದ. "ವಿಜ್ಞಾನ ಯಾರು ಹೇಳ್ತಾರಂತ ಕೇಳಿದ್ಲು. ನಾರಾಯಣಖೇಡದ ಟೀಚರ ನಂಬರ್ ಕೊಟ್ಟೀನಿ."

ಈಗ ಸಂಜೆ ಹೊತ್ತು ನಾನು ಗೆಳತಿಗೆ ಫೋನ್ ಹಚ್ಚಿದರೆ ಬಹುಪಾಲು ಬಿಜಿ ಬರುತ್ತದೆ. ನಾನು ಫೋನಿಟ್ಟು ಕಾಯುತ್ತೇನೆ. ಪಾಠ ಮುಗಿದ ಮೇಲೆ ಅವಳೇ ಮಾಡುತ್ತಾಳೆ.