ಮಂಜಿನಲ್ಲಿ ಮುಂದೆ ನಡೆದವರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಾನು ನಕ್ಕುಬಿಡುತ್ತಿದ್ದೆ. ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು ನಾನು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಮ್ಮ ಮನೆತನದ ಹಿರಿಯರೆಂದರೆ ಅಜ್ಜ ಯೋಸೇಫಪ್ಪ. ಮೋಟೆಬೆನ್ನೂರಿನ ಆಚೆ ಹೊಲದ ಮನೆಯಲ್ಲಿ ಹುಟ್ಟಿ, ಮೆಣಸಿನ ಗಿಡಗಳ ನಡುವೆ ಬೆಳೆದವರು. ಮದುವೆಯಾದ ಮೇಲೆ ರಾಣೆಬೆನ್ನೂರಿಗೆ ಬಂದರು. ಒಂದು ಭಾನುವಾರವೂ ಚರ್ಚು ತಪ್ಪಿಸಿದವರಲ್ಲ. ಆದರೆ ಕರ್ತನ ಭೋಜನದ ದಿನ, ರೊಟ್ಟಿ ದ್ರಾಕ್ಷಾರಸ ಹಂಚುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಒಡಹುಟ್ಟಿದವನ ಮೇಲೆ ಸಿಟ್ಟು ಇಟ್ಟುಕೊಂಡವನಿಗೆ ಅದು ಸಲ್ಲದು ಎಂದು ಅವರ ನಂಬಿಕೆ.

ಸಿಟ್ಟಿಗೆ ಕಾರಣ ಅವರ ತಾಯಿಯ ಸಮಾಧಿ. ತಾಯಿ ತೀರಿಕೊಂಡಾಗ ಅಜ್ಜ ಹೋಗಿ ಮುಟ್ಟುವ ಮೊದಲೇ ತಮ್ಮ ದಾನಿಯೇಲಪ್ಪ ಆಕೆಯನ್ನು ಹೊಲದ ಬದುವಿನಲ್ಲೇ ಮಣ್ಣು ಮಾಡಿದ್ದರು. ಚರ್ಚಿನ ಸಮಾಧಿ ಜಾಗದಲ್ಲಿ, ಅಪ್ಪನ ಪಕ್ಕದಲ್ಲಿ ಇಡಬೇಕಿತ್ತೆಂದು ಅಜ್ಜನ ಹಟ. ಅಂದು ತಿರುಗಿ ಬಂದವರು ನಲವತ್ತು ವರ್ಷ ಆ ಹೊಲ ತುಳಿಯಲಿಲ್ಲ. ಆ ಸಣ್ಣಜ್ಜನನ್ನು ನಾನು ನೋಡಿಯೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಶನಿವಾರ ಬೆಳಗ್ಗೆ, ಅಜ್ಜ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

"ಹೊಲಕ್ಕ ಕರ್ಕೊಂಡು ಹೋಗವ್ವಾ. ತಮ್ಮ ಕರಿಯಾಕತ್ತಾನ."

ಫೋನು ಬಂದಿತ್ತೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಅವರ ಮನಸ್ಸು ಬದಲಾಗುವ ಮೊದಲೇ ನಾನು ಕಾರು ತೆಗೆದೆ.

ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗಿಳಿದಾಗ ಮಂಜು ದಟ್ಟವಾಯಿತು. ಕಣದಲ್ಲಿ ಹರವಿದ ಮೆಣಸಿನಕಾಯಿಯ ಕೆಂಪು ಎಲ್ಲೋ ತೇಲಿ ಬಂದಂತೆ ಕಂಡು ಮತ್ತೆ ಬಿಳುಪಿನಲ್ಲಿ ಕರಗುತ್ತಿತ್ತು. ಕಾರು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದಂಥ ಮೌನ. ದಾರಿ ಕವಲೊಡೆದಲ್ಲಿ ದಿಕ್ಕು ತೋಚದೆ ನಿಲ್ಲಿಸಿದೆ. ಸ್ವಲ್ಪ ಮುಂದೆ ಕಂಬಳಿ ಹೊದ್ದ ಮುದುಕರೊಬ್ಬರು ನಿಂತಿದ್ದರು.

"ಯಜ್ಜಾರ, ದಾನಿಯೇಲಪ್ಪನವರ ಹೊಲ ಯಾವ ಕಡೆರೀ?"

ಅವರು ತಿರುಗಿ ನೋಡಲಿಲ್ಲ. ಹಿಂದೆ ಬಾ ಎನ್ನುವಂತೆ ಕೈಮಾಡಿ, ಎಡಗಾಲು ಎಳೆಯುತ್ತ ನಡೆಯತೊಡಗಿದರು. ನಾನು ಮೆಲ್ಲಗೆ ಹಿಂಬಾಲಿಸಿದೆ. ಕಣ್ಣಿಗೆ ಪೊರೆ ಬಂದು ನನ್ನ ಮುಖವನ್ನೇ ಗುರುತು ಹಿಡಿಯಲಾರದ ಅಜ್ಜ ಮುಂದಕ್ಕೆ ಬಾಗಿ, "ನಮ್ಮ ದಾನ್ಯಾ ನೋಡು. ಸಣ್ಣಾವಿದ್ದಾಗ ಹೊಲಾ ಊಳೂ ಮುಂದ ರಂಟಿ ಬಡದ ಕಾಲು, ಇನ್ನೂ ಎಳೀತಾನ" ಎಂದರು.

ಎಷ್ಟು ಹೊತ್ತು ಹಾಗೆ ಹೋದೆವೋ ಹೇಳಲಾರೆ. ಕಡೆಗೆ ಹೆಂಚಿನ ಮನೆಯೊಂದು ಕಂಡಿತು. ಮುದುಕರು ಅದರ ಗೋಡೆಯ ಆಚೆ ಮರೆಯಾದರು. ಕಾರಿನ ಸದ್ದಿಗೆ ಸಣ್ಣಜ್ಜನ ಸೊಸೆ ರೂತವ್ವ ಹೊರಗೆ ಬಂದಳು. ನಾವು ಯಾರೆಂದು ಹೇಳಿ, "ಸಣ್ಣಜ್ಜಾರ ನಮಗ ದಾರಿ ತೋರಿಸಿದ್ರು" ಎಂದೆ.

ಆಕೆ ನನ್ನನ್ನೇ ನೋಡಿದಳು. "ಮಾವಾರು ಹಾಸಗಿ ಹಿಡದು ಎಂಟ ತಿಂಗಳಾತ್ರಿ. ಎದ್ದು ಕುಂದ್ರಾಕೂ ಆಗೂದಿಲ್ಲ."

ಒಳಗೆ ಕೌದಿಯ ಕೆಳಗೆ ಎಲುಬಿನ ಗೂಡಿನಂತಿದ್ದ ಸಣ್ಣಜ್ಜ ಕಣ್ಣು ತೆರೆದರು. "ಎಷ್ಟ ಸಾವಕಾಶ ಬಂದ್ರಿ ಅಣ್ಣಾ. ನಡದು ನಡದು ನನ್ನ ಕಾಲ ಸೋತಾವ."

ಅಜ್ಜ ಮಂಚದ ಮೇಲೆ ಕೂತು ತಮ್ಮನ ಕೈ ಹಿಡಿದರು. ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ಕೌದಿ ಸರಿಸಿ ಆ ಕಾಲುಗಳನ್ನು ನೋಡಿದೆ. ಅಂಗಾಲು ಒಣಗಿದ್ದವು. ಮಣ್ಣಿಲ್ಲ, ಇಬ್ಬನಿಯಿಲ್ಲ.

"ಅವ್ವನಽ ಹೇಳಿದ್ಲು ಅಣ್ಣಾ, ಹೊಲದಾಗ ಇಡ್ರಿ ಅಂತ. ಅವತ್ತ ನೀ ಕೇಳಲಿಲ್ಲ."

"ಈಗ ಕೇಳಾಕತ್ತೇನಿ ತಮ್ಮಾ" ಎಂದರು ಅಜ್ಜ.

ಬಿಸಿಲೇರಿದ ಮೇಲೆ ಅಜ್ಜನನ್ನು ಬದುವಿಗೆ ಕರೆದೊಯ್ದೆ. ತಾಯಿಯ ಸಮಾಧಿಯ ಮುಂದೆ ಮೊಣಕಾಲೂರಿ ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಮರುವಾರವೇ ಸಣ್ಣಜ್ಜ ತೀರಿಕೊಂಡರು. ಅವರನ್ನು ಎಲ್ಲಿ ಇಡಬೇಕೆಂದು ಪಾಸ್ಟರು ಕೇಳಿದಾಗ, "ಅವ್ವನ ಬಾಜೂಕ" ಎಂದವರು ಅಜ್ಜನೇ. ಆಮೇಲೆ ಬಂದ ಕರ್ತನ ಭೋಜನದ ದಿನ ಅವರು ಬೆಂಚಿನಿಂದ ಏಳಲಿಲ್ಲ.

ಆ ಕಡೆ ಕಾಲು ಎಳೆಯುವ ಮತ್ತೊಬ್ಬ ಮುದುಕರು ಇದ್ದಾರೆಯೇ ಎಂದು ನಾನು ಸುತ್ತಲಿನ ಹೊಲಗಳವರನ್ನೆಲ್ಲ ವಿಚಾರಿಸಿದೆ. ಯಾರೂ ಇರಲಿಲ್ಲ. ತಮ್ಮನ ಕಾಯಿಲೆಯ ಸುದ್ದಿ ಅಜ್ಜನ ಕಿವಿಗೆ ಬಿದ್ದಿರಬಹುದು, ಮಂಜು ನನ್ನ ಕಣ್ಣಿಗೆ ಮೋಸ ಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಆದರೆ ಗೊತ್ತಿಲ್ಲದ ದಾರಿಯಲ್ಲಿ ನಾವು ಸರಿಯಾಗಿ ಮನೆ ಮುಟ್ಟಿದ್ದು ಹೇಗೆ?

ಅಜ್ಜ ಬದುಕಿದ್ದಾಗ ಒಮ್ಮೆ ಕೇಳಿದ್ದೆ: "ಖರೇ ಹೇಳು ಅಜ್ಜಾ, ಅವತ್ತ ಮುಂದ ನಡದಾಂವ ಯಾರು?"

"ಅಂವನ ಬೆನ್ನ ಹತ್ತಿ ಗಾಡಿ ಹೊಡದಾಕಿ ನೀನು. ನನ್ನ ಯಾಕ ಕೇಳ್ತಿ?" ಎಂದರು.